ಗಂಡನನ್ನು ಬಿಟ್ಟವರು

ಬೋಳಾರ, ಮಂಗಳೂರು
೮-೧-೧೯೮೬

ಶಶಿಪ್ರಭಕ್ಕನಿಗೆ ಗುಲಾಬಿಯ ನಮಸ್ಕಾರ.

ಆಫೀಸರರು ಬಂದು ಹೋದ ಕೂಡಲೇ ಬರೆಯಬೇಕೆಂದು ನೀವು ಬೆಂಗಳೂರಿಗೆ ಹೊರಡುವಾಗ ಹೇಳಿದ್ದಿರಿ. ನಿನ್ನೆ ಬಂದು ಹೋದರು. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಮನೆಯನ್ನು ನೀವು ಹೇಳಿದ ಹಾಗೆಯೇ ಇಟ್ಟಿದ್ದೆವು. ಕುಶಲಾ ನೆಲ ತಿಕ್ಕಿ ತಿಕ್ಕಿ ಬೈದಳು, ಬೈದು ಬೈದು ತಿಕ್ಕಿದಳು. ನಾಝಿಮಾ ಕಿಟಕಿಗಳಿಗೆ ಪರದೆ ಹೊಲಿದಳು. ನೆಲ್ಲಿ ಮಗುವಿಗೆ ಹೊಸ ಅಂಗಿ ತೊಡಿಸಿದಳು. ಆಫೀಸರರು ಘಟ್ಟದ ಮೇಲಿನವರು, ಮಾತು ಮೆತ್ತಗೆ. ಬಾವಿ, ಕಕ್ಕಸು, ಅಡಿಗೆಮನೆ ಎಲ್ಲ ನೋಡಿ ತಲೆ ಆಡಿಸಿದರು. ನೀರುದೋಸೆ ಸಾಕು ಸಾಕು ಎನ್ನುತ್ತಲೇ ತಿಂದರು. ಆಮೇಲೆ ಜಗಲಿಯಲ್ಲಿ ಕೂತು ನಮ್ಮ ಅನುದಾನದ ಅರ್ಜಿ ತೆಗೆದರು. ಅದರ ಜೊತೆಗೆ ಇಲ್ಲಿರುವ ಎಂಟು ಜನ ಹೆಂಗಸರ ಹೇಳಿಕೆ ಉಂಟಲ್ಲ, ನಾನು ಕೂತು ಬರೆದದ್ದು, ಅದನ್ನು ಓದಿದರು. ಓದುತ್ತಾ ಓದುತ್ತಾ ಹುಬ್ಬು ಮೇಲೆ ಹೋಯಿತು.

"ಇದನ್ನ ಯಾರಮ್ಮ ಬರೆದಿದ್ದು?"

ನಿಮಗೆ ಗೊತ್ತುಂಟು, ಹೊಸಬರ ಎದುರು ನನಗೆ ಸ್ವರವೇ ಬರುವುದಿಲ್ಲ. ಕುಶಲಾ ನನ್ನನ್ನು ಮುಂದೆ ದೂಡಿ, "ಇವಳೇ. ಅಕ್ಷರ ಚಂದ ಉಂಟಲ್ಲ?" ಎಂದಳು.

"ಅಕ್ಷರ ಇರಲಿ. 'ಗಂಡನನ್ನು ಬಿಟ್ಟವಳು' ಅಂತ ಬರೆದಿದೀರಲ್ಲ, ಎಂಟೂ ಜನಕ್ಕೂ?"

"ನೆಲ್ಲಿಯ ಗಂಡ ರಾಫೆಲ್ ಮಾತ್ರ ಬೊಂಬಾಯಿಗೆ ಓಡಿ ಹೋದದ್ದು ಸಾರ್. ಉಳಿದ ಏಳು ಜನ ನಾವೇ ಓಡಿ ಬಂದದ್ದು," ಎಂದಳು ಕುಶಲಾ.

"ಅಯ್ಯೋ ರಾಮ. ಅನುದಾನ ಇರೋದು ಗಂಡ ಬಿಟ್ಟವರಿಗೆ ಕಣಮ್ಮ."

"ನಾವು ಮತ್ತೆ ಎಂತ?"

"ನೀವು ಗಂಡನನ್ನು ಬಿಟ್ಟವರು. ಗಂಡ ಬಿಟ್ಟವಳು ಅಂದ್ರೆ, ಗಂಡ ಅವಳನ್ನ ಬಿಟ್ಟಿರಬೇಕು. ನೀವೇ ಎದ್ದು ಬಂದ್ರೆ ಅದು ಸಂಸಾರದ ಜಗಳ. ಅದಕ್ಕೆ ಸರ್ಕಾರ ಯಾಕೆ ಅನ್ನ ಹಾಕುತ್ತೆ?"

"ಹೊಡೆದದ್ದಕ್ಕೆ ಎದ್ದು ಬಂದದ್ದು ಮಾರಾಯ್ರೆ. ಹೊತ್ತು ಹೋಗದೆ ಬಂದದ್ದಲ್ಲ!"

ಅವರು ನಕ್ಕರು. ನಕ್ಕು, ಹೇಳಿಕೆಗಳನ್ನು ನನ್ನ ಕೈಗೆ ವಾಪಸು ಕೊಟ್ಟು, "ನಿಮ್ಮ ಕಾರ್ಯದರ್ಶಿಯವರನ್ನ ಕೇಳಿ ಸರಿಯಾಗಿ ಬರೆದು ಕಳಿಸಿ" ಎಂದು ಜೀಪು ಹತ್ತಿದರು.

ಅಕ್ಕ, ಕಾರ್ಯದರ್ಶಿ ನೀವೇ, ನನಗೆ ನೀವು 'ಗಂಡ ಬಿಟ್ಟವಳು' ಎಂದೇ ಹೇಳಿ ಬರೆಸಿದ್ದಿರಿ. ನಿಮಗೆ ಬಸ್ಸಿಗೆ ಹೊತ್ತಾಗಿತ್ತು. ಗಡಿಬಿಡಿಯಲ್ಲಿ 'ನನ್ನು' ನುಂಗಿದಿರಿ ಎಂದು ತಿಳಿದು ನಾನೇ ಸೇರಿಸಿದೆ. ನಮ್ಮ ತುಳುವಿನಲ್ಲಿ ಯಾರು ಯಾರನ್ನು ಬಿಟ್ಟದ್ದು ಎಂದು ಹೇಳಿದ ಕೂಡಲೇ ಗೊತ್ತಾಗುತ್ತದೆ. ಕನ್ನಡದಲ್ಲಿ ಒಂದೇ ಮಾತಿಗೆ ಎರಡು ಬಾಗಿಲು ಉಂಟೆಂದು ನನಗೆ ಹೇಗೆ ಗೊತ್ತಾಗಬೇಕು?

ಈಗ ಎಂತ ಮಾಡುವುದು? ಮಳೆಗಾಲದ ಒಳಗೆ ಅನುದಾನ ಬಾರದಿದ್ದರೆ ನಿಮ್ಮ ಮಹಿಳಾ ಮಂಡಲಿಯವರು ಈ ಆಶ್ರಯದ ಮನೆಯನ್ನು ಮುಚ್ಚುತ್ತಾರಂತೆ. ಮುಚ್ಚಿದರೆ ನಾವು ಎಲ್ಲಿಗೆ ಹೋಗುವುದು?

ನಿಮ್ಮ
ಗುಲಾಬಿ

•

ಜಯನಗರ, ಬೆಂಗಳೂರು
೧೭-೧-೧೯೮೬

ಪ್ರೀತಿಯ ಗುಲಾಬಿ,

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಪ್ಪು ನಿನ್ನದಲ್ಲ. ನೀನು ಕನ್ನಡವನ್ನು ಸರಿಮಾಡಲು ಹೋದೆ, ಸರಕಾರ ಕೆಟ್ಟಿತು.

ಆ ಎರಡು ಅಕ್ಷರಗಳನ್ನು ತೆಗೆದುಬಿಡು. ಎಂಟೂ ಹೇಳಿಕೆಗಳನ್ನು ಹೊಸದಾಗಿ ಬರೆ. "ನನ್ನ ಗಂಡ ನನ್ನನ್ನು ಬಿಟ್ಟಿದ್ದಾನೆ, ನನಗೆ ಬೇರೆ ದಿಕ್ಕಿಲ್ಲ" ಎಂದು ಸ್ಪಷ್ಟವಾಗಿ ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸು. ಹೊಡೆದದ್ದು, ಸುಟ್ಟದ್ದು ಯಾವುದೂ ಬೇಡ. ಅದಕ್ಕೆ ಈ ಯೋಜನೆಯಲ್ಲಿ ಜಾಗವಿಲ್ಲ. ನಾನು ಇಲ್ಲಿ ಎಷ್ಟು ಮೇಜುಗಳ ಮುಂದೆ ನಿಂತು ಕೇಳಿದ್ದೇನೆ ಗೊತ್ತೇ? ಒಬ್ಬರು ಹೇಳಿದರು, "ಹೊಡೆತಕ್ಕೆಲ್ಲ ಮನೆ ಕಟ್ಟಿಸುತ್ತಾ ಹೋದರೆ ಊರಿಗೆ ಊರನ್ನೇ ಎರಡು ಸಲ ಕಟ್ಟಬೇಕಾಗುತ್ತದೆ." ಅಂಥವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.

ಸರಕಾರಕ್ಕೆ ಗಂಡ ಬಿಟ್ಟುಹೋದ ಹೆಂಗಸು ಬೇಕು, ಅಳುವ ಹೆಂಗಸು ಬೇಕು. ಈಗ ಅಳೋಣ. ಅನುದಾನ ಬಂದ ಮೇಲೆ ಬೇಕಾದಷ್ಟು ನಗೋಣ.

ಇನ್ನೊಂದು ವಿಷಯ. ನಾನು ಅಕ್ಕನ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಭಾವ ಅನುದಾನ ಕೊಡುವ ಇಲಾಖೆಯಲ್ಲೇ ಇರುವುದರಿಂದ ನಮ್ಮ ಕೆಲಸಕ್ಕೆ ಅನುಕೂಲ. ಈ ವಿಳಾಸವನ್ನು ಯಾರಿಗೂ ಕೊಡಬೇಡ. ನಮ್ಮ ಮನೆಯವರು ಬಂದು ಕೇಳಿದರೂ ಕೊಡಬೇಡ. ಇಲ್ಲಿ ಕೆಲಸ ಬಹಳ.

ಇಂತಿ,
ಶಶಿಪ್ರಭಾ

•

ಬೋಳಾರ
೩೦-೧-೧೯೮೬

ಶಶಿಪ್ರಭಕ್ಕ,

ಹೊಸ ಹೇಳಿಕೆಗಳನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಸುಲಭದಲ್ಲಿ ಆಗಲಿಲ್ಲ.

ನೆಲ್ಲಿ ಕೂಡಲೇ ಸಹಿ ಹಾಕಿದಳು. ಅವಳದ್ದು ಹೇಗೂ ನಿಜವೇ. ರುಖಿಯಾ ಹೆಬ್ಬೆಟ್ಟು ಒತ್ತಿ, "ನನಗೆ ಈ ಪ್ರಾಯದಲ್ಲಿ ಯಾರು ಯಾರನ್ನು ಬಿಟ್ಟರೆ ಎಂತ, ಕಾಲು ಚಾಚಲು ಜಾಗ ಸಿಕ್ಕಿದರೆ ಸಾಕು" ಎಂದರು. ನಾಝಿಮಾ ಸುಮ್ಮನೆ ಓದಿ, "ಇದನ್ನು ಕಂಡರೆ ಅವನಿಗೆ ತುಂಬಾ ಖುಷಿಯಾಗ್ತದೆ" ಎಂದಳು. ಕುಶಲಾ ಮಾತ್ರ ಪೆನ್ನು ಮುಟ್ಟಲಿಲ್ಲ.

"ಅವನು ಬಿಟ್ಟದ್ದಾ? ಅವನು ಕುಡಿದು ಚಾಪೆಯಲ್ಲಿ ಬಿದ್ದಿದ್ದ. ಗದ್ದೆ ದಾಟಿ, ತೋಡು ದಾಟಿ, ಬರಿಗಾಲಲ್ಲಿ ಓಡಿ ಬಂದದ್ದು ನಾನು. ಕಾಲಿಗೆ ಹೊಕ್ಕ ಮುಳ್ಳು ತೆಗೆದದ್ದು ನೀನು. ಆ ಮುಳ್ಳೂ ಅವನ ಕಾಲಿಗೇ ಹೊಕ್ಕದ್ದು ಅಂತ ಬರೀ ಮತ್ತೆ!"

"ಮನೆ ಮುಚ್ತಾರಂತೆ ಕುಶಲಾ."

"ಮುಚ್ಚಲಿ."

"ಆಮೇಲೆ?"

ಅವಳು ಪೆನ್ನನ್ನು ಕಸಿದುಕೊಂಡು ಕಾಗದ ಹರಿಯುವ ಹಾಗೆ ಸಹಿ ಹಾಕಿದಳು. ಆ ಒಂದು ಹಾಳೆ ಸ್ವಲ್ಪ ಹರಿದಿದ್ದರೆ ಅದಕ್ಕೆ ಇದು ಕಾರಣ.

ನನ್ನದನ್ನು ಕೊನೆಗೆ ಬರೆದೆ. ನಿಮಗೆ ಗೊತ್ತಿರುವುದೇ. ಕೊಟ್ಟಾರದಲ್ಲಿ ನನ್ನ ಗಂಡನ ಹೋಟೆಲಿನಲ್ಲಿ ಅವರು ನನ್ನ ಎಡಗೈಯನ್ನು ದೋಸೆ ಕಾವಲಿಗೆ ಒತ್ತಿ ಹಿಡಿದಾಗ ಕೆಲಸದವರೆಲ್ಲ ಚಟ್ನಿ ಕಡೆಯುವುದನ್ನೇ ನೋಡುತ್ತಿದ್ದರು. ನನ್ನ ಅಣ್ಣ ಸಂಕಪ್ಪಣ್ಣ ಗಲ್ಲೆಯಲ್ಲಿ ಕೂತು ಚಿಲ್ಲರೆ ಕೊಡುತ್ತಿದ್ದ. ಅವನು ಆ ಹೋಟೆಲಿನಲ್ಲಿ ಪಾಲುದಾರ. ಅದಕ್ಕೇ ತಾಯಿಮನೆಯ ಬಾಗಿಲು ನನಗಿಲ್ಲ. ಆ ಸಂಜೆ ನಾನು ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ, ಹೆದ್ದಾರಿಗೆ ಬಂದು ಬಸ್ಸು ಹತ್ತಿದೆ. ಕಂಡಕ್ಟರ್ "ಎಲ್ಲಿಗೆ?" ಎಂದು ಕೇಳಿದಾಗ ಉತ್ತರ ಗೊತ್ತಿರಲಿಲ್ಲ. ಆದರೆ ಹತ್ತಿದ್ದು ನಾನು. ಹುಟ್ಟಿದ ಮೇಲೆ ಯಾರನ್ನೂ ಕೇಳದೆ ನಾನು ಮಾಡಿದ ಕೆಲಸ ಅದೊಂದೇ. ಅದನ್ನೂ ಈಗ ಅವರ ಹೆಸರಿಗೆ ಬರೆದು ಕೊಟ್ಟಿದ್ದೇನೆ.

ಈ ಹೇಳಿಕೆಗಳು ಯಾರ ಯಾರ ಕೈಗೆ ಹೋಗುತ್ತವೆ ಅಕ್ಕ? ಹಾಳೆಯ ಮೇಲ್ಗಡೆ ಈ ಮನೆಯ ವಿಳಾಸ, ಕೆಳಗೆ ಗಂಡನ ಹೆಸರು, ವಿಳಾಸ ಬರೆಯಬೇಕೆಂದು ನಿಯಮ ಉಂಟಂತೆ, ಬರೆದಿದ್ದೇನೆ. ನಮಗೆ ಬರುವ ಕಾಗದವನ್ನೂ ನಾವು ಮನೆಗೆ ತರಿಸುವುದಿಲ್ಲ, ಮೊಯ್ದೀನಬ್ಬರ ಚಾ ಅಂಗಡಿಗೆ ತರಿಸುವುದು. ಅಂಥದ್ದರಲ್ಲಿ ಇದನ್ನು ಕಳಿಸಲು ಮನಸ್ಸು ಒಪ್ಪುವುದಿಲ್ಲ.

ಹೇಳಲು ಮರೆತೆ. ನಿಮ್ಮ ಮನೆಯವರು, ವಕೀಲ ಮೋಹನದಾಸರು, ಅಂಗಡಿಗೆ ಬಂದು ನಿಮ್ಮ ವಿಳಾಸ ಕೇಳಿದರಂತೆ. "ಬೆಂಗಳೂರು ದೊಡ್ಡ ಊರು ವಕೀಲರೇ, ಒಂದು ಬದಿಯಿಂದ ಹುಡುಕ್ತಾ ಬನ್ನಿ" ಎಂದರಂತೆ ಮೊಯ್ದೀನಬ್ಬ. ವಕೀಲರು ಮೇಜಿಗೆ ಗುದ್ದಿದರು, ಬಾಟ್ಲಿ ಒಂದು ಬಿದ್ದು ಒಡೆಯಿತು ಎಂದು ಹೇಳಿದರು.

ಗುಲಾಬಿ

•

ಬೆಂಗಳೂರು
೨-೩-೧೯೮೬

ಗುಲಾಬಿ,

ಒಳ್ಳೆಯ ಸುದ್ದಿ. ಫೈಲು ಮೇಲೆ ಹೋಗಿದೆ. ಇನ್ನು ಒಂದು ಸಣ್ಣ ವಿಚಾರಣೆ ನಡೆಸುತ್ತಾರಂತೆ. ಅದೊಂದು ಪದ್ಧತಿ ಅಷ್ಟೆ, ಹೆದರಬೇಡ. ಎಲ್ಲರಿಗೂ ಹೇಳು.

ಒಡೆದ ಬಾಟ್ಲಿಯ ಹಣವನ್ನು ಮೊಯ್ದೀನಬ್ಬರಿಗೆ ನಾನು ಕೊಡುತ್ತೇನೆ. ವಕೀಲರ ವಿಷಯ ಇನ್ನು ಮುಂದೆ ಕಾಗದದಲ್ಲಿ ಬರೆಯಬೇಡ.

ಶಶಿಪ್ರಭಾ

•

ಬೋಳಾರ
೨೧-೩-೧೯೮೬

ಶಶಿಪ್ರಭಕ್ಕ,

ನಿಮ್ಮ ಸಣ್ಣ ವಿಚಾರಣೆ ನಿನ್ನೆ ನಮ್ಮ ಗೇಟು ತೆಗೆದು ಒಳಗೆ ಬಂತು.

ಊಟದ ಹೊತ್ತು. ಕುಶಲಾ ಬಾವಿಕಟ್ಟೆಯ ಹತ್ತಿರ ಮೀನು ಕೊಯ್ಯುತ್ತಿದ್ದಳು. ನಾನು ಅನ್ನ ಬಸಿಯುತ್ತಿದ್ದೆ. ಜಗಲಿಯಲ್ಲಿ ಗಂಡಸರ ಸ್ವರ ಕೇಳಿ ಹೊರಗೆ ಬಂದರೆ ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಹೋಟೆಲಿನ ಸಿಹಿತಿಂಡಿಯ ಪೊಟ್ಟಣ. ಹಿಂದೆ ನನ್ನ ಅಣ್ಣ. ಇಷ್ಟು ಸಮಯ ನಾನು ಕಾಗದದಲ್ಲಿ 'ಅವರು' ಎಂದು ಬರೆಯುತ್ತಿದ್ದೆ. ಇನ್ನು ಬರೆಯುವುದಿಲ್ಲ. ಬಂದದ್ದು ಅವನು, ಚಿತ್ತರಂಜನ.

ಬೊಬ್ಬೆ ಹಾಕಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅವನು ನಕ್ಕ. ಕಿಸೆಯಿಂದ ಕಾಗದ ತೆಗೆದು ಬಿಡಿಸಿದ. ಇಲಾಖೆಯ ಕಾಗದ. "ನಿಮ್ಮ ಹೆಂಡತಿ ಗುಲಾಬಿ ಎಂಬವರು ತಮ್ಮನ್ನು ನೀವು ಬಿಟ್ಟಿರುವುದಾಗಿ ತಿಳಿಸಿರುತ್ತಾರೆ. ಇದು ನಿಜವೇ ಎಂಬುದನ್ನು ತಿಳಿಸುವುದು." ಕೆಳಗೆ ಈ ಮನೆಯ ವಿಳಾಸ, ಬಾಗಿಲಿನ ನಂಬ್ರ ಸಮೇತ. ನನ್ನ ಅಕ್ಷರದಿಂದ ಯಾರೋ ನಕಲು ಮಾಡಿದ್ದು.

"ಇದು ನೀನು ಬರೆದದ್ದಾ?"

ಅವನು ಕಾಗದವನ್ನು ನನ್ನ ಮುಖದ ಹತ್ತಿರ ಹಿಡಿದ.

"ನಾನು ನಿನ್ನನ್ನು ಬಿಟ್ಟದ್ದು ಯಾವಾಗ ಮಾರಾಯ್ತಿ? ಆ ದಿನದಿಂದ ಹುಡುಕ್ತಾ ಇದ್ದೇನೆ. ಕೇಳು, ಇಲ್ಲೇ ಇದ್ದಾನೆ ನಿನ್ನ ಅಣ್ಣ."

"ಹೌದು ಗುಲಾಬಿ," ಎಂದ ಅಣ್ಣ, ನನ್ನ ಕೈ ಒಂದನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಾ, "ಭಾವ ಎಷ್ಟು ಸಮಾಧಾನದಲ್ಲಿ ಮಾತಾಡ್ತಾರೆ ನೋಡು. ಸರಕಾರಕ್ಕೆಲ್ಲ ಸುಳ್ಳು ಬರೆಯಬಾರದು. ಮರ್ಯಾದೆ ಪ್ರಶ್ನೆ."

ಅಕ್ಕ, ಇದೇ ನನಗೆ ಸಹಿಸಲಿಕ್ಕೆ ಆಗದ್ದು. ಅವನು ಹೇಳಿದ್ದು ನಿಜ. ಅವನು ನನ್ನನ್ನು ಬಿಟ್ಟಿರಲಿಲ್ಲ. ನನ್ನ ಕೈ ಸುಟ್ಟವನು ನನ್ನ ಎದುರು ನಿಂತು ನಿಜ ಹೇಳುತ್ತಿದ್ದ. ಸುಳ್ಳು ಬರೆದವಳು ನಾನು, ನನ್ನದೇ ಮನೆಯ ಜಗಲಿಯಲ್ಲಿ ಕಳ್ಳಿಯ ಹಾಗೆ ನಿಂತಿದ್ದೆ. 'ನಾನೇ ನಿನ್ನನ್ನು ಬಿಟ್ಟದ್ದು' ಎಂಬ ಒಂದು ಮಾತು ನನ್ನ ಹತ್ತಿರ ಇತ್ತು. ಅದನ್ನು ನೀವು ಅಳಿಸಿ ಹಾಕಿಸಿದ್ದಿರಿ.

ಅವನು ಮೆಟ್ಟಲು ಹತ್ತಿ ನನ್ನ ರಟ್ಟೆಗೆ ಕೈ ಹಾಕಿದ. ಆಗ ಕುಶಲಾ ಎದ್ದು ಬಂದಳು. ಮೀನಿನ ಕತ್ತಿ ಕೈಯಲ್ಲೇ ಇತ್ತು, ಮೊಣಕೈವರೆಗೆ ನೆತ್ತರು. "ಯಾರಿಗೆ ಬೇಕು ಬಂಗುಡೆ?" ಎಂದು ಕೇಳಿದಳು. ಅಣ್ಣ ಅಂಗಳಕ್ಕೆ ಹಾರಿದ. ಮೊಯ್ದೀನಬ್ಬ ಅಂಗಡಿ ಬಿಟ್ಟು ಓಡಿ ಬಂದರು, ಅವರ ಹಿಂದೆ ಚಾ ಕುಡಿಯುತ್ತಿದ್ದವರೆಲ್ಲ.

ಹೋಗುವಾಗ ಅವನು ಪೊಟ್ಟಣವನ್ನು ಮೆಟ್ಟಲಲ್ಲಿ ಇಟ್ಟು ಹೇಳಿದ, "ನಾನು ಸರಕಾರಕ್ಕೇ ಬರೆದು ಕೊಟ್ಟಿದ್ದೇನೆ, ಕರೆದುಕೊಂಡು ಹೋಗಲು ತಯಾರು ಅಂತ. ಇನ್ನು ನಿನ್ನನ್ನು ಇಟ್ಟುಕೊಳ್ಳಲು ಇವರಿಗೆ ಅಧಿಕಾರ ಇಲ್ಲ. ಮಳೆ ಹಿಡಿಯುವ ಮೊದಲು ನೀನೇ ಬರ್ತಿ."

ಉಳಿದ ಆರು ಜನ ಗಂಡಂದಿರಿಗೂ, ಬೊಂಬಾಯಿಯ ರಾಫೆಲನಿಗೂ ಇಂಥದ್ದೇ ಕಾಗದ ಹೋಗಿದೆಯೋ ಅಕ್ಕ? ಅಡಗಿಕೊಂಡವರ ಮನೆಯ ವಿಳಾಸವನ್ನು ಅಂಚೆಯಲ್ಲಿ ಹಂಚಿದರೋ? ಇವತ್ತು ನಾವು ಯಾರೂ ಅಂಗಳಕ್ಕೆ ಇಳಿದಿಲ್ಲ. ನೀರು ಸೇದಲು ಹೋಗುವಾಗ ಇಬ್ಬರು ಕಾವಲು ನಿಲ್ಲುತ್ತಾರೆ.

ಎರಡು ಅಕ್ಷರ ಎಂದು ಬರೆದಿದ್ದಿರಿ.

ಗುಲಾಬಿ

•

ಬೆಂಗಳೂರು
೨೮-೩-೧೯೮೬

ಗುಲಾಬಿ,

ದೇವರಾಣೆ ನನಗೆ ಗೊತ್ತಿರಲಿಲ್ಲ. ವಿಚಾರಣೆ ಎಂದರೆ ನಮ್ಮನ್ನು ಕೇಳುತ್ತಾರೆ ಎಂದುಕೊಂಡಿದ್ದೆ. ಗಂಡಂದಿರನ್ನು ಕೇಳುತ್ತಾರೆಂದು ಭಾವನೂ ಹೇಳಲಿಲ್ಲ. ಗೇಟಿಗೆ ಬೀಗ ಹಾಕಿಸು. ಮೊಯ್ದೀನಬ್ಬರಿಗೆ ಹೇಳು. ನಾನು ಬರಬೇಕಿತ್ತು. ಬರಲು ಆಗುವುದಿಲ್ಲ.

ಶಶಿಪ್ರಭಾ

•

ಬೆಂಗಳೂರು
೯-೫-೧೯೮೬

ಪ್ರೀತಿಯ ಗುಲಾಬಿ,

ಇಷ್ಟು ದಿನ ನೀನು ಬರೆಯಲಿಲ್ಲ. ಸಿಟ್ಟು ಇರಬಹುದು. ಆದರೂ ಈ ಕಾಗದವನ್ನು ಪೂರ್ತಿ ಓದು.

ಅನುದಾನ ಮಂಜೂರಾಗಿದೆ. ಆದೇಶವನ್ನು ಕಣ್ಣಾರೆ ಕಂಡೆ. ಒಂದು ವರ್ಷದ ಬಾಡಿಗೆ, ಅಕ್ಕಿ, ಔಷಧಿ, ಮಗುವಿನ ಹಾಲು. ಮನೆ ಮುಚ್ಚುವುದಿಲ್ಲ.

ಆದರೆ ಒಂದು ಷರತ್ತು ಇದೆ. ಬಿಟ್ಟಿರುವುದು ಹೌದು ಎಂದು ಗಂಡನೇ ಒಪ್ಪಿ ಬರೆದವರಿಗೆ ಮಾತ್ರ ಮಂಜೂರಾಗಿದೆ. ರಾಫೆಲ್ ಬೊಂಬಾಯಿಯಿಂದ ಬರೆದಿದ್ದಾನೆ. ನಾಝಿಮಾಳ ಗಂಡ ಬೇರೆ ಮದುವೆಯಾಗಿದ್ದಾನಂತೆ, ಅವನೂ ಒಪ್ಪಿದ್ದಾನೆ. ರುಖಿಯಾರ ಗಂಡನೂ. ಉಳಿದ ಐದು ಜನರ ಗಂಡಂದಿರು ಕರೆದುಕೊಂಡು ಹೋಗಲು ತಯಾರಿರುವುದಾಗಿ ತಿಳಿಸಿದ್ದಾರೆ. ಹಾಗಾಗಿ ನೀನು, ಕುಶಲಾ, ಇನ್ನುಳಿದ ಮೂವರು ಈ ಯೋಜನೆಗೆ ಸೇರುವುದಿಲ್ಲ. ಸೇರದವರು ಆ ಮನೆಯಲ್ಲಿ ಇರಕೂಡದು ಎಂದೂ ಬರೆದಿದ್ದಾರೆ. ಜೂನ್ ಎರಡು, ಸೋಮವಾರ, ಆಫೀಸರರು ಬಂದು ನೋಡಿ ಮೊದಲನೆಯ ಕಂತು ಕೊಡುತ್ತಾರೆ.

ನೀವು ಐವರು ಕೆಲವು ತಿಂಗಳು ಬೇರೆ ಕಡೆ ಇರಿ. ಮನೆ ಒಮ್ಮೆ ಗಟ್ಟಿಯಾಗಲಿ, ಆಮೇಲೆ ಒಬ್ಬೊಬ್ಬರನ್ನಾಗಿ ಒಳಗೆ ಸೇರಿಸಿಕೊಳ್ಳಬಹುದು. ನಿನಗೆ ತಾಯಿಮನೆ ಇದೆ, ಅಣ್ಣನ ಹತ್ತಿರ ನಾನು ಮಾತಾಡುತ್ತೇನೆ. ಬೇಜಾರು ಮಾಡಬೇಡ.

ಶಶಿಪ್ರಭಾ

•

ಬೋಳಾರ
೧೭-೫-೧೯೮೬

ಶಶಿಪ್ರಭಕ್ಕ,

ಪೂರ್ತಿ ಓದಿದೆ. ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ.

ನಾನು ತಿಳಿದುಕೊಂಡದ್ದು ಸರಿಯೋ ಹೇಳಿ. ಹೊಡೆಯುವವನು ಹೆಂಡತಿಯನ್ನು ಬಿಡುವುದಿಲ್ಲ. ಬಿಟ್ಟರೆ ಹೊಡೆಯುವುದು ಯಾರಿಗೆ? ಅವನು ಹಿಂದೆ ಬರುತ್ತಾನೆ, ಸಿಹಿ ತರುತ್ತಾನೆ, ಸರಕಾರಕ್ಕೆ ಕಾಗದ ಬರೆಯುತ್ತಾನೆ, ಕರೆದುಕೊಂಡು ಹೋಗಲು ತಯಾರು ಎನ್ನುತ್ತಾನೆ. ಯಾರ ಗಂಡ ಹೀಗೆ ಹಿಂದೆ ಬರುತ್ತಾನೋ ಅವಳಿಗೇ ಅಡಗಲು ಮನೆ ಬೇಕು. ಅವಳನ್ನೇ ಹೊರಗೆ ಹಾಕಬೇಕೆಂದು ನಿಮ್ಮ ಆದೇಶ. ಪೆಟ್ಟು ತಿಂದವರ ಮನೆಗೆ ಹಣ ಕೊಡುವವರು ಪೆಟ್ಟು ಕೊಟ್ಟವನ ಒಪ್ಪಿಗೆ ಕೇಳಿ ಕೊಡುವುದೋ? ಇದನ್ನು ಬರೆದವರು ಯಾರು? ಅವರು ಊಟ ಮಾಡಿ, ಕೈ ತೊಳೆದು, ಬುದ್ಧಿ ಸರಿ ಇದ್ದೇ ಬರೆದರೋ?

ನನಗೆ ತಾಯಿಮನೆ ಉಂಟು ಎಂದು ಬರೆದಿದ್ದೀರಿ. ಆ ಗಲ್ಲೆಯಲ್ಲಿ ಚಿಲ್ಲರೆ ಎಣಿಸಿದ ಅಣ್ಣನ ಮನೆ ಉಂಟು ಎಂದು ಬರೆಯಿರಿ. ಎಲ್ಲ ಗೊತ್ತಿದ್ದೂ ನಿಮ್ಮ ಕೈ ಆ ಮಾತು ಬರೆಯಿತಲ್ಲ.

ಇನ್ನೊಂದು ಮಾತು ಬರೆಯಬಾರದು ಎಂದು ಜನವರಿಯಿಂದ ನುಂಗಿಕೊಂಡು ಇದ್ದೇನೆ. ಸೆಕೆಗಾಲದಲ್ಲೂ ನೀವು ಉದ್ದ ತೋಳಿನ ರವಿಕೆ ಹಾಕುತ್ತಿದ್ದದ್ದು ನಮಗೆ ಯಾರಿಗೂ ಕಾಣುತ್ತಿರಲಿಲ್ಲ ಎಂದು ತಿಳಿದಿದ್ದೀರೋ? ಈ ಮನೆಯಲ್ಲಿ ಇರುವವರಿಗೆ ಬೇರೆ ಏನು ಗೊತ್ತಿಲ್ಲದಿದ್ದರೂ ಅದು ಗೊತ್ತಾಗುತ್ತದೆ. ನೀವು ಮನೆ ಬಿಟ್ಟು ಹೋದರೆ ಅದಕ್ಕೆ 'ಬೆಂಗಳೂರಿನ ಕೆಲಸ' ಎಂದು ಹೆಸರು. ವಕೀಲರಿಗೆ ಯಾರೂ ಕಾಗದ ಹಾಕಿ ಕೇಳಲಿಲ್ಲ, ಬಿಟ್ಟಿದ್ದೀರೋ ಇಲ್ಲವೋ ಎಂದು. ನಿಮ್ಮ ಬಾಗಿಲಿನ ನಂಬ್ರ ಅವರ ಕಿಸೆಗೆ ಹೋಗಲಿಲ್ಲ. ನಮ್ಮದು ಹೋಯಿತು.

ನಿಮಗೆ ಅಕ್ಕನ ಮನೆ ಉಂಟು. ನಮಗೆ ಇದ್ದದ್ದು ನೀವು.

ಗುಲಾಬಿ

•

ಬೆಂಗಳೂರು
೨೪-೫-೧೯೮೬

ಗುಲಾಬಿ,

ನಿನ್ನ ಕಾಗದವನ್ನು ಅಕ್ಕ ಒಡೆದು ಓದಿದ್ದರು. ಆಮೇಲೆ ನನಗೆ ಕೊಟ್ಟರು. ರಾತ್ರಿ ಊಟಕ್ಕೆ ಯಾರೂ ಕರೆಯಲಿಲ್ಲ.

ಹೌದು, ನಾನೂ ಬಿಟ್ಟು ಬಂದವಳೇ. ಹನ್ನೊಂದು ವರ್ಷ ಆ ಮನೆಯಿಂದ ಎದ್ದು ಬಂದು ನಿಮ್ಮೆಲ್ಲರಿಗೆ ಧೈರ್ಯ ಹೇಳಿ, ಸಂಜೆ ಅದೇ ಮನೆಗೆ ಹಿಂದಿರುಗುತ್ತಿದ್ದೆ. ಈಗ ಭಾವನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಅವರು ಹೇಳಿದ ಕಡೆ ಸಹಿ ಹಾಕುತ್ತೇನೆ. ಅವರ ಮಾತು ಮೀರಿದರೆ ನನ್ನ ಟ್ರಂಕು ಬೀದಿಯಲ್ಲಿ ಇರುತ್ತದೆ. ನಿನಗೆ ನಾನು ದೊಡ್ಡವಳಾಗಿ ಕಂಡೆ, ಅಷ್ಟೆ.

ಬೈಯಿ. ಆದರೆ ಲೆಕ್ಕ ತಪ್ಪಬೇಡ. ಈಗ ಗಲಾಟೆ ಮಾಡಿದರೆ ಐವರಿಗೆ ಸಿಗುವುದಿಲ್ಲ, ಮೂವರಿಗೆ ಸಿಕ್ಕಿದ್ದೂ ಹೋಗುತ್ತದೆ. ನೆಲ್ಲಿಯ ಮಗುವಿನ ಮುಖ ನೋಡು. ಜೂನ್ ಎರಡರ ಸೋಮವಾರ ಆಫೀಸರರು ಬರುವಾಗ ಮನೆಯಲ್ಲಿ ಮೂವರು ಮಾತ್ರ ಇರಲಿ. ಇದು ನನ್ನ ಕೋರಿಕೆ, ಅ‍ಪ್ಪಣೆಯಲ್ಲ.

ಶಶಿಪ್ರಭಾ

•

ಬೋಳಾರ
೨೯-೫-೧೯೮೬

ಶಶಿಪ್ರಭಕ್ಕ,

ಅಂಚೆ ತಡವಾಗುತ್ತದೆ ಎಂದು ಈ ಕಾಗದವನ್ನು ಮೊಯ್ದೀನಬ್ಬರ ಗುರ್ತದ ರಾತ್ರಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ನಿಮ್ಮ ಕೈಗೇ ಕೊಡುತ್ತಾನೆ, ಬೇರೆ ಯಾರಿಗೂ ಕೊಡುವುದಿಲ್ಲ.

ನಿಮ್ಮ ಮಾತನ್ನು ತೂಗಿ ನೋಡದೆ ಬಿಡಲಿಲ್ಲ. ಎರಡು ಸಂಜೆ ಇಲ್ಲಿ ಜಗಳವೇ ಆಯಿತು. ನೆಲ್ಲಿ ಬಿಕರ್ನಕಟ್ಟೆಗೆ ಹೋಗಿ ಬಾಲಯೇಸುವಿನ ಮುಂದೆ ಮೊಂಬತ್ತಿ ಹಚ್ಚಿ ಬಂದವಳು ನಮ್ಮ ಮೇಲೆ ಹಾರಿ ಬಿದ್ದಳು. "ನೀವು ಹಟ ಮಾಡಿ ಅದೂ ಹೋದರೆ ನನ್ನ ಮಗುವಿಗೆ ಹಾಲು ಕೊಡುವುದು ಯಾರು, ನಿಮ್ಮ ಮರ್ಯಾದೆಯಾ?" ಎಂದು ಕೇಳಿದಳು. ಅವಳು ಕೇಳಿದ್ದು ಸರಿ.

"ಹಾಗಾದರೆ ನಾವು ಐದು ಜನ ಹೋಗುತ್ತೇವೆ" ಎಂದೆ ನಾನು. ನಿಜವಾಗಿಯೂ ಬಟ್ಟೆ ಕಟ್ಟಿದೆ. ಆಗ ನಾಝಿಮಾ ಹೊಲಿಗೆಯ ಮೆಷಿನ್ನಿನಿಂದ ತಲೆ ಎತ್ತಿದಳು.

"ನೀನು ಹೋಗುವುದು ಎಲ್ಲಿಗೆ?"

"ಗೊತ್ತಿಲ್ಲ."

"ನಾನು ಇಲ್ಲಿಗೆ ಬಂದ ದಿನ ಗೇಟು ತೆಗೆದದ್ದು ನೀನು. ಯಾರು ಬಿಟ್ಟದ್ದು ಅಂತ ಕೇಳಿದೆಯಾ?"

"ಇಲ್ಲ."

"ಎಂತ ಕೇಳಿದೆ?"

"ಊಟ ಆಯ್ತಾ ಅಂತ ಕೇಳಿದೆ."

"ಅಷ್ಟೇ ಕೇಳಬೇಕಾದ್ದು," ಎಂದಳು ನಾಝಿಮಾ. "ನನ್ನ ಗಂಡ ಬಿಟ್ಟದ್ದು ಹೌದು ಅಂತ ಬರೆದನಂತೆ. ಸುಳ್ಳ. ಅವನ ಹಲ್ಲು ಮುರಿದು ಬಂದದ್ದು ನಾನು. ಆ ಸುಳ್ಳಿನ ಅಕ್ಕಿ ತಿಂದುಕೊಂಡು ನಿನ್ನನ್ನು ಬೀದಿಯಲ್ಲಿ ನೋಡಲಿಕ್ಕೆ ನನಗೆ ಆಗುವುದಿಲ್ಲ. ಇದ್ದರೆ ಎಂಟು ಜನ ಇರುವುದು."

ರುಖಿಯಾ, "ಹಲ್ಲು ಮುರಿದದ್ದು ನಮಗೆ ಇಷ್ಟು ದಿನ ಹೇಳಲೇ ಇಲ್ಲವಲ್ಲ ಹುಡುಗಿ!" ಎಂದರು. ಎಷ್ಟೋ ದಿನಗಳ ನಂತರ ಈ ಮನೆಯಲ್ಲಿ ನಗು ಕೇಳಿತು. ನೆಲ್ಲಿ ನಗಲಿಲ್ಲ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬೆಳಿಗ್ಗೆ ನೋಡಿದರೆ ನನ್ನ ಬಟ್ಟೆಯ ಗಂಟನ್ನು ಬಿಚ್ಚಿ, ಮಡಚಿ, ಕಪಾಟಿನಲ್ಲಿ ಇಟ್ಟಿದ್ದಳು. ಮಾತು ಮಾತ್ರ ಇನ್ನೂ ಬಿಟ್ಟಿದ್ದಾಳೆ.

ಸೋಮವಾರ ಎಂಟು ಜನವೂ ಜಗಲಿಯಲ್ಲಿ ಕೂತಿರುತ್ತೇವೆ. ಆಫೀಸರರಿಗೆ ಕೊಡಲು ಒಂದೇ ಹಾಳೆ ಬರೆದಿದ್ದೇನೆ. ಅದರ ನಕಲು ಇದು:

"ಈ ಮನೆಯಲ್ಲಿ ಎಂಟು ಜನ ಇದ್ದೇವೆ. ಒಬ್ಬಳನ್ನು ಗಂಡ ಬಿಟ್ಟದ್ದು. ಏಳು ಜನ ಗಂಡನನ್ನು ಬಿಟ್ಟವರು. ಹೊಡೆದದ್ದಕ್ಕೆ ಬಿಟ್ಟೆವು, ಸುಟ್ಟದ್ದಕ್ಕೆ ಬಿಟ್ಟೆವು, ಸಾಯಬಾರದೆಂದು ಬಿಟ್ಟೆವು. ಜನವರಿಯಲ್ಲಿ ಬೇರೆ ರೀತಿ ಬರೆದು ಕೊಟ್ಟಿದ್ದೆವು. ನಿಮ್ಮ ಯೋಜನೆಯಲ್ಲಿ ನಿಜಕ್ಕೆ ಜಾಗ ಇಲ್ಲ ಎಂದದ್ದರಿಂದ ಹಾಗೆ ಬರೆದೆವು. ನೀವು ನಮ್ಮ ವಿಳಾಸವನ್ನು ನಮ್ಮ ಗಂಡಂದಿರಿಗೆ ಕಳಿಸಿದಿರಿ. ಅದಕ್ಕೆ ಉತ್ತರ ಕೊಡಬೇಕಾದವರು ನೀವು. ಸರಕಾರದ ಹಣ ನಮ್ಮ ಗಂಡಂದಿರ ಮನೆಯಿಂದ ಬಂದದ್ದಲ್ಲ, ಅವರನ್ನು ಕೇಳಿ ಕೊಡಲಿಕ್ಕೆ. ಕೊಡುವುದಾದರೆ ಎಂಟು ಜನರಿಗೆ ಕೊಡಿ. ಮಗುವಿನ ಹಾಲನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಕೊಡದಿದ್ದರೆ ಯಾಕೆ ಕೊಡುವುದಿಲ್ಲ ಎಂದು ಇದೇ ಹಾಳೆಯ ಹಿಂದೆ ನಿಮ್ಮ ಕೈಯಿಂದ ಬರೆದು ಸಹಿ ಹಾಕಿ. ಅದನ್ನು ಪೇಪರಿನವರಿಗೆ ಕೊಡುತ್ತೇವೆ."

ಕೊನೆಯ ಸಾಲು ಮೊಯ್ದೀನಬ್ಬರು ಹೇಳಿದ್ದು. ಉಳಿದದ್ದು ನನ್ನದು.

ಕೊಡದೆಯೂ ಹೋಗಬಹುದು. ಹೋದರೆ ಈ ಮಳೆಗಾಲ ಹೇಗೆ ಕಳೆಯುತ್ತೇವೆ ಎಂದು ನನಗೆ ತಿಳಿಯದು. ಕುಶಲಾ ಬಂದರಿನಲ್ಲಿ ಮೀನು ಹೊರುತ್ತೇನೆ ಎನ್ನುತ್ತಾಳೆ, ಆದರೆ ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಅದು ಅವಳಿಗೂ ಗೊತ್ತು.

ಏಳು ಸಹಿ, ಹೆಬ್ಬೆಟ್ಟು ಬಿದ್ದಾಗಿದೆ. ನೆಲ್ಲಿಯ ಹೆಸರಿನ ಮುಂದೆ ಖಾಲಿ ಉಂಟು, ಅವಳನ್ನು ನಾನು ಒತ್ತಾಯ ಮಾಡುವುದಿಲ್ಲ. ಅದರ ಕೆಳಗೆ ಇನ್ನೂ ಒಂದು ಗೆರೆ ಎಳೆದಿದ್ದೇನೆ. ಅದು ನಿಮಗೆ. ಅಲ್ಲಿ ಸಹಿ ಹಾಕುವುದಾದರೆ ಕಾರ್ಯದರ್ಶಿ ಎಂದು ಹಾಕಬೇಡಿ, ಬರೀ ಹೆಸರು ಹಾಕಿ. ಹಾಕಿದರೆ ಸಾಲಿನಲ್ಲಿ 'ಏಳು' ಇದ್ದದ್ದನ್ನು 'ಎಂಟು' ಎಂದು, 'ಎಂಟು' ಇದ್ದದ್ದನ್ನು 'ಒಂಬತ್ತು' ಎಂದು ತಿದ್ದುತ್ತೇನೆ. ನಿಮ್ಮ ಟ್ರಂಕಿಗೆ ನನ್ನ ಚಾಪೆಯ ಹತ್ತಿರ ಜಾಗ ಉಂಟು.

ಭಾನುವಾರ ರಾತ್ರಿಯ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಇಲ್ಲಿ ಮುಟ್ಟುತ್ತೀರಿ. ಆಫೀಸರರು ಬರುವುದು ಹತ್ತು ಗಂಟೆಗೆ. ನೀವು ಬಂದರೆ ಹಾಳೆಯನ್ನು ಅವರ ಎದುರು ನೀವು ಓದಿ.

ಬಾರದಿದ್ದರೆ ನಾನು ಓದುತ್ತೇನೆ.

ಗುಲಾಬಿ